ಸ್ಪ್ಯಾನಿಷ್ ಕಲಿಯೋಕೆ ಕನ್ನಡವನ್ನೇ ಹಿಡಿದುಕೊಳ್ಳಿ

ಗಂಡ, ಮಗಳ ಜೊತೆ ಮ್ಯಾಡ್ರಿಡ್‌ಗೆ ಹೊರಡುವ ಮುಂಚೆ ಬೆಂಗಳೂರಿನಲ್ಲೇ ಸ್ಪ್ಯಾನಿಷ್ ಶುರು ಮಾಡಬೇಕಾ ಅಂತ ಕೇಳಿದ ಜಯನಗರದ ಅಕ್ಕನಿಗೆ: ಖಂಡಿತ ಮಾಡಿ. ಆದರೆ ಸಿಗುವ ಪಾಠಗಳೆಲ್ಲ ಇಂಗ್ಲಿಷಿನವರಿಗೆ ಬರೆದದ್ದು. ಅವರಿಗೆ ಕಷ್ಟ ಅಂತ ಪುಟಗಟ್ಟಲೆ ವಿವರಿಸಿರುವ ಎಷ್ಟೋ ವಿಷಯ ನಮ್ಮ ಬಾಯಲ್ಲಿ ಆಗಲೇ ಇದೆ.

‘ಆಬ್ಲೊ’ ಅಂದರೆ ಮಾತಾಡುತ್ತೇನೆ, ‘ಆಬ್ಲಾಮೋಸ್’ ಅಂದರೆ ಮಾತಾಡುತ್ತೇವೆ. ಯಾರು ಅನ್ನೋದು ಕ್ರಿಯಾಪದದ ಕೊನೆಯಲ್ಲೇ ಗೊತ್ತಾಗುತ್ತದೆ, ‘ನಾನು’ ‘ನಾವು’ ಬೇಕೇ ಇಲ್ಲ. ‘ಮೆ ಗುಸ್ತಾ ಎಲ್ ಕಫೆ’ ಇಂಗ್ಲಿಷಿನವರಿಗೆ ತಲೆಕೆಳಗಾಗಿ ಕಾಣುತ್ತದೆ. ನಮಗೆ ಅದು ‘ನನಗೆ ಕಾಫಿ ಇಷ್ಟ’, ಅಷ್ಟೇ. ‘ತೂ’, ‘ಉಸ್ತೆದ್’ ಅಂದರೆ ನೀನು, ನೀವು. ಒಂದು ಮಾತು: ಸ್ಪೇನಿನಲ್ಲಿ ಮಕ್ಕಳು ಟೀಚರಿಗೂ ‘ತೂ’ ಅನ್ನುವುದು ಸಾಮಾನ್ಯ. ಮಗಳು ಹಾಗಂದರೆ ಗದರಬೇಡಿ.

ಎಲ್ಲರೂ ಹೆದರುವುದು ‘ಸೆರ್’, ‘ಎಸ್ತಾರ್’ಗೆ. ಇಂಗ್ಲಿಷಿನ ಒಂದು ‘ಈಸ್’ ಇದ್ದಲ್ಲಿ ಸ್ಪ್ಯಾನಿಷಿನಲ್ಲಿ ಈ ಎರಡು ಕ್ರಿಯಾಪದ. ಕನ್ನಡದಲ್ಲಿ ಹೇಳಿ ನೋಡಿ. ‘ನಾನು ಬೆಂಗಳೂರಿನವಳು’ ಅನ್ನುವಾಗ ಕ್ರಿಯಾಪದವೇ ಇಲ್ಲ, ಅಲ್ವಾ? ಅಲ್ಲಿ ಸೆರ್: ‘ಸೊಯ್ ದೆ ಬೆಂಗಳೂರು’. ‘ನಾನು ಬೆಂಗಳೂರಲ್ಲಿ ಇದ್ದೇನೆ’ ಅಂದರೆ ಎಸ್ತಾರ್: ‘ಎಸ್ತೊಯ್ ಎನ್ ಬೆಂಗಳೂರು’. ಚೆನ್ನಾಗಿದ್ದೇನೆ, ‘ಎಸ್ತೊಯ್ ಬಿಯೆನ್’. ಜಾಗ ಹೇಳುವಾಗೆಲ್ಲ ಎಸ್ತಾರ್ ಅಂತ ಪಾಠ ಹೇಳುತ್ತದೆ, ಆದರೆ ಸಮಾರಂಭಕ್ಕೆ ಸೆರ್. ‘ಮದುವೆ ಮಲ್ಲೇಶ್ವರದಲ್ಲಿ’, ‘ಲಾ ಬೋದಾ ಎಸ್ ಎನ್ ಮಲ್ಲೇಶ್ವರಂ’. ಅಲ್ಲೂ ನಮ್ಮ ಕನ್ನಡ ಸರಿಹೋಗುತ್ತದೆ! ಎಲ್ಲ ಕಡೆ ಅಲ್ಲ. ‘ಅವನು ಉದ್ದ ಇದ್ದಾನೆ’ ಅಂದರೂ ಅಲ್ಲಿ ‘ಎಸ್ ಆಲ್ತೊ’, ಸೆರ್ ಬರುತ್ತದೆ. ಆದರೂ ಶುರುವಿಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ.

ನಿಜವಾಗಿ ಕಾಡುವುದು ಲಿಂಗ. ನಮಗೆ ಮೇಜೂ ‘ಅದು’, ಪುಸ್ತಕವೂ ‘ಅದು’. ಅಲ್ಲಿ ಮೇಜು ಹೆಣ್ಣು, ‘ಲಾ ಮೆಸಾ’. ಪುಸ್ತಕ ಗಂಡು, ‘ಎಲ್ ಲಿಬ್ರೊ’. ಕೊನೆಗೆ ‘ಆ’ ಬಂದರೆ ಹೆಣ್ಣು, ‘ಒ’ ಬಂದರೆ ಗಂಡು ಅನ್ನೋಣ ಅಂದರೆ ಕೈ ‘ಲಾ ಮಾನೊ’, ದಿನ ‘ಎಲ್ ದೀಯಾ’. ಬರೀ ಪದ ಬಾಯಿಪಾಠ ಮಾಡಬೇಡಿ, ಎಲ್ ಅಥವಾ ಲಾ ಸೇರಿಸಿಯೇ ಕಲಿಯಿರಿ.

ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಅವರ ‘ಟಿ’ ನಮ್ಮ ತ, ಟ ಅಲ್ಲ. ‘ಪೆರೊ’ ಅಂದರೆ ‘ಆದರೆ’, ‘ಪೆರ್ರೊ’ ಅಂದರೆ ನಾಯಿ. ಒತ್ತಕ್ಷರ ಓದುವ ನಮಗೆ ಆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮಗಳ ಸ್ಪ್ಯಾನಿಷ್ ಬಗ್ಗೆ ಚಿಂತೆ ಬೇಡ. ಶಾಲೆಯಲ್ಲಿ ದಿನವಿಡೀ ಅದೇ ಕಿವಿಗೆ ಬೀಳುತ್ತದೆ. ದಯವಿಟ್ಟು ‘ಅವಳಿಗೆ ಗೊಂದಲ ಆಗುತ್ತದೆ’ ಅಂತ ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಅಲ್ಲಿ ಅವಳಿಗೆ ಕನ್ನಡ ಕೊಡೋರು ನೀವಿಬ್ಬರೇ.