ಮೆಕೆಂಜಿ ನಕ್ಷೆ ಮಾಡಿದಾವ್ನೋ, ಇತಿಹಾಸ ಕೂಡಿಸಿದಾವ್ನೋ?

ಗಂಗಾವತಿ_ಭೂಗೋಳ:
ಎಲ್ಲರಿಗೂ ನಮಸ್ಕಾರ್ರೀ. ಎಂಎ ಜಾಗ್ರಫಿ ಓದಾಕತ್ತೀನಿ, ಸೆಮಿನಾರಿಗೆ ಕಾಲಿನ್ ಮೆಕೆಂಜಿ ತಗೊಂಡೀನಿ. ಹಾಳಾದ ಹಂಪಿನ ಮೊದಲಿಗೆ ಸರ್ವೆ ಮಾಡಿ ನಕ್ಷೆ ಬರೆಸಿದಾವ ಇವನ ಅಂತಾರ, ಆನೆಗೊಂದಿ ಹತ್ರ ಹೊಳಿ ದಾಟಿದ್ರ ಹಂಪಿ, ಅದಕ್ಕ ಆರಿಸಿದ್ದು. ಆದ್ರ ಹಿಸ್ಟರಿಯವರು ಅವ ಕೈಫಿಯತ್ತು (ಊರೂರಿನ ಚರಿತ್ರಿ ಬರೆದಿಟ್ಟ ಬರಹ) ಕೂಡಿಸಿದಾವ, ನಮ್ಮಾವ ಅಂತಾರ. ಸರ್ವೆ ಮಾಡಾವಗ ಊರೂರಿನ ಕಥಿ ಯಾಕ ಬೇಕಾಗಿತ್ರೀ?

ಕೊಪ್ಪಳ_ಮಾಸ್ತರ:
ಭಾಳ ಚಲೋ ಪ್ರಶ್ನೆ ನೋಡವಾ. ಅವ ಸ್ಕಾಟ್ಲೆಂಡಿನ ಸ್ಟೋರ್ನೋವೇ ಊರಾವ, 1783ಕ್ಕ ಮದ್ರಾಸಿಗೆ ಬಂದು ಈಸ್ಟ್ ಇಂಡಿಯಾ ಕಂಪನಿ ಇಂಜಿನಿಯರ್ ಆದ. 1799ರಾಗ ಟಿಪ್ಪು ತೀರಿಕೊಂಡ ಮ್ಯಾಲ ಮೈಸೂರು ಸರ್ವೆ ಇವನ ಕೈಗೆ ಬಂತು, ಹತ್ತಿರ ಹತ್ತಿರ 40,000 ಚದರ ಮೈಲಿ. ಗುಡ್ಡದಿಂದ ಗುಡ್ಡಕ್ಕ ತ್ರಿಕೋನ ಕಟ್ಟಿದ್ರ ಊರು ಎಲ್ಲಿ ಐತಿ ಅಂತ ಸಿಗತೈತಿ, ಖರೆ, ಆದ್ರ ಈ ಸೀಮಿ ಎಲ್ಲಿಗೆ ಮುಗೀತೈತಿ, ಈ ಹೊಲ ಯಾವ ಗುಡಿಗೆ ಇನಾಮು, ಕೆರಿ ಯಾರು ಕಟ್ಟಿಸಿದ್ರು ಅನ್ನೋದು ದುರ್ಬೀನಿನಾಗ ಕಾಣಂಗಿಲ್ಲ, ಅದು ಶ್ಯಾನುಭೋಗರ ಕಡತದಾಗ ಇರತಿತ್ತು. ಕಡತ ಅಂದ್ರ ಅರಿವಿಗೆ ಹುಣಸಿಬೀಜದ ಅಂಟು, ಇದ್ದಿಲಪುಡಿ ಸವರಿ ಕರ್ರಗ ಮಾಡಿ ಮಡಚಿದ್ದು, ಬಳಪದ್ಲೆ ಬರೀತಿದ್ರು. ಅದನ್ನ ಓದಿಸಲಿಲ್ಲಂದ್ರ ನಕ್ಷೆ ಪೂರ್ತಿ ಆಗತಿರಲಿಲ್ಲ. ನನ್ನ ಪ್ರಕಾರ ಎರಡೂ ಒಂದ ಕೆಲಸ, ನೀವು ಎರಡು ಡಿಪಾರ್ಟ್‌ಮೆಂಟಿನವರು ಜಗ್ಗಾಡೋದು ಬ್ಯಾಡ.

ಸಂಡೂರು_ಗುಡ್ಡ:
ಮಾಸ್ತರು ಹೇಳಿದ್ದು ಸರಿ, ಆದ್ರೆ ಓದಿದವ್ರು ಯಾರು ಅನ್ನೋದು ಬಿಟ್ಟೋಗೈತೆ. ಮೆಕೆಂಜಿಗೆ ನಮ್ಮ ಕಡೆ ಭಾಷೆ ಒಂದೂ ಬರ್ತಿರಲಿಲ್ಲ. ಕಾವಲಿ ವೆಂಕಟ ಬೋರಯ್ಯ ಅಂತ ಇದ್ರು, ಶಾಸನ ಓದೋದು, ಊರಿನವ್ರ ಜೊತೆ ಕುಂತು ಮಾತಾಡ್ಸಿ ಬರ್ಕೊಳೋದು ಎಲ್ಲ ಅವ್ರದೇ. 1803ರಲ್ಲೇ ತೀರಿಕೊಂಡ್ರು, ಆಮೇಲೆ ತಮ್ಮ ಲಕ್ಷ್ಮಯ್ಯ ಮುಂದುವರ್ಸಿದ್ರು. 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಪೇಂಟಿಂಗ್ ಹುಡುಕಿ ನೋಡಮ್ಮ, ಕೆಂಪು ಕೋಟಿನ ಮೆಕೆಂಜಿ ಪಕ್ಕ ನಮ್ಮೋರು ಮೂರು ಮಂದಿ, ಒಬ್ರ ಕೈಯಾಗ ದುರ್ಬೀನು, ಹಿಂದೆ ದೂರದಾಗೆ ಗೊಮ್ಮಟ. ಸೆಮಿನಾರಿನಾಗೆ ಮೊದಲ ಸ್ಲೈಡು ಅದೇ ಹಾಕು, ಕಾವಲಿ ಅಣ್ಣತಮ್ಮಂದಿರ ಹೆಸ್ರು ಹೇಳದೆ ಮಾತ್ರ ಇಳೀಬೇಡ.

ಗಂಗಾವತಿ_ಭೂಗೋಳ:
ಇಬ್ಬರಿಗೂ ಥ್ಯಾಂಕ್ಸ್ ರೀ, ಹಾಕತೀನಿ. ನಮ್ಮ ಕಡಿ ಕೈಫಿಯತ್ತು ಎಲ್ಲಿ ಸಿಗತಾವ್ರೀ?

ಕೊಪ್ಪಳ_ಮಾಸ್ತರ:
1800ಕ್ಕ ಬಳ್ಳಾರಿ ಸೀಮಿ ನಿಜಾಮನಿಂದ ಕಂಪನಿಗೆ ಹೋತು, ಕೊಪ್ಪಳ ರಾಯಚೂರು ನಿಜಾಮನ ಕಡಿನ ಉಳದ್ವು, ಅದನ್ನ ತಲ್ಯಾಗ ಇಟ್ಕೊಂಡು ಹುಡುಕು. 1815ರಾಗ ಮೆಕೆಂಜಿ ಇಡೀ ಇಂಡಿಯಾಕ್ಕ ಮೊದಲ ಸರ್ವೇಯರ್ ಜನರಲ್ ಆದ, 1821ಕ್ಕ ಬಂಗಾಳದಾಗ ತೀರಿಕೊಂಡ, ಕಂಪನಿ ಅವನ ಹೆಂಡ್ತಿಗೆ ಒಂದು ಲಕ್ಷ ರೂಪಾಯಿ ಕೊಟ್ಟು ಸಂಗ್ರಹ ಕೊಂಡ್ಕೊಂತು. ಈಗ ಒಂದಷ್ಟು ಲಂಡನ್ನಿನಾಗ ಐತಿ, ಒಂದಷ್ಟು ಚೆನ್ನೈ ಓರಿಯಂಟಲ್ ಮ್ಯಾನುಸ್ಕ್ರಿಪ್ಟ್ಸ್ ಲೈಬ್ರರಿಯಾಗ. ಅಲ್ಲಿಗೆ ಹೋಗೋದು ಆಮ್ಯಾಲ ಆಗಲಿ, ಮೊದಲು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳು ತೆಗಿ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಕಟಣೆ, ನಿನಗ ಹತ್ರನೂ ಆತು.