ಶೆಡ್ಡಿನ ಯಂತ್ರಕ್ಕೆ ತಂತಿಯೋ ವೈಫೈಯೋ: ನಮ್ಮ ಮನೆ ಗುಂಪಿನ ಒಂದು ವಾದ

ಕಂಪ್ಯೂಟರಿನ ಆಜ್ಞೆಯಂತೆ ಮರ ಕೊರೆಯುವ, ಮೂರು ಅಕ್ಷದ ಪುಟ್ಟ ಸಿಎನ್‌ಸಿ ಯಂತ್ರವೊಂದು ಚಿಕ್ಕಪ್ಪನ ಶೆಡ್ಡಿನಲ್ಲಿದೆ. ಅದು ನಾವು ಐವರು ಕೂಡಿ ಕೊಂಡದ್ದು, ಹಾಗಾಗಿ ಅದರ ಮೇಲೆ ಮಾತನಾಡುವ ಹಕ್ಕೂ ಐವರಿಗಿದೆ. ಈ ಗುಂಪಿನಲ್ಲಿ ಅರೆಬರೆ ಪದಗಳನ್ನು ಹಾಕದೆ ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ಚಿಕ್ಕಪ್ಪ ಮಾಡಿದ ನಿಯಮ. ಭಾವ ಫಾರ್ವರ್ಡ್ ಮಾಡಿದ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ದಾರಿಗಳ ಹೋಲಿಕೆಯ ಪಟ್ಟಿಯೊಂದರಿಂದ ಶುರುವಾದ ಚರ್ಚೆಯನ್ನು ಇಲ್ಲಿ ಹಾಗೆಯೇ ಇಳಿಸಿದ್ದೇನೆ.

ಭಾವ: ಮೇಲೆ ಹಾಕಿರುವ ಪಟ್ಟಿಯನ್ನು ಎಲ್ಲರೂ ಒಮ್ಮೆ ನೋಡಬೇಕು. ಯುಎಸ್‌ಬಿಗೆ ಒಂದು ನಕ್ಷತ್ರ, ಎತರ್‌ನೆಟ್‌ಗೆ ಮೂರು, ವೈಫೈಗೆ ಐದು ಎಂದು ಅದರಲ್ಲಿ ಸ್ಪಷ್ಟವಾಗಿ ಕೊಟ್ಟಿದ್ದಾರೆ. ಕಳೆದ ತಿಂಗಳೊಂದರಲ್ಲೇ ನಮ್ಮ ಯಂತ್ರ ಕೆಲಸದ ನಡುವೆ ನಾಲ್ಕು ಬಾರಿ ನಿಂತಿದೆ, ಪ್ರತಿ ಸಲವೂ ಲ್ಯಾಪ್‌ಟಾಪಿನಲ್ಲಿ ಪೋರ್ಟಿನ ಸಂಪರ್ಕ ಕಡಿದಿದೆ ಎಂಬ ಸೂಚನೆಯೇ ಬಂದಿದೆ. ಯಂತ್ರವನ್ನು ನಡೆಸುವ ಹಳೆಯ ಆರ್ಡುಯಿನೊ ಬೋರ್ಡನ್ನು ತೆಗೆದು, ಇಎಸ್‌ಪಿ32 ಚಿಪ್ ಇರುವ ವೈಫೈ ಬೋರ್ಡನ್ನು ಕೂರಿಸಿ, ಫ್ಲೂಯಿಡ್‌ಎನ್‌ಸಿ ಎಂಬ ಫರ್ಮ್‌ವೇರನ್ನು, ಅಂದರೆ ಬೋರ್ಡಿನೊಳಗೇ ಓಡುವ ತಂತ್ರಾಂಶವನ್ನು, ಹಾಕೋಣ ಎನ್ನುವುದು ನನ್ನ ಸಲಹೆ. ಬ್ರೌಸರಿನಿಂದಲೇ ಎಲ್ಲವನ್ನೂ ನಡೆಸಬಹುದು, ಲ್ಯಾಪ್‌ಟಾಪ್ ಶೆಡ್ಡಿನ ದೂಳಿಗೆ ಬರುವುದೇ ಬೇಡ.

ಚಿಕ್ಕಪ್ಪ: ಅಳಿಯಂದಿರೇ, ನಕ್ಷತ್ರಗಳನ್ನು ಎಣಿಸಿ ಯಂತ್ರ ಕಟ್ಟಿದವರನ್ನು ನಾನು ಇದುವರೆಗೆ ಕಂಡಿಲ್ಲ. ಹಿಂದಿನ ಯಂತ್ರವನ್ನು ನಾನು ಮಾಕ್ 3 ತಂತ್ರಾಂಶದಲ್ಲಿ, ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಪ್ಯಾರಲಲ್ ಪೋರ್ಟಿನ ಮೂಲಕ ವರ್ಷಗಟ್ಟಲೆ ಓಡಿಸಿದ್ದೇನೆ, ಒಂದು ದಿನವೂ ಅದು ನಡುವೆ ಕೈಕೊಡಲಿಲ್ಲ. ಆ ಕಂಪ್ಯೂಟರ್ ಇನ್ನೂ ಅಟ್ಟದ ಮೇಲಿದೆ. ಅದನ್ನೇ ಇಳಿಸಿ ಜೋಡಿಸಿದರೆ ಈ ತಕರಾರೆಲ್ಲ ತೀರುತ್ತದೆ.

ಅಕ್ಕ: ಚಿಕ್ಕಪ್ಪ, ಅಟ್ಟದ ಮೇಲಿನ ಕಂಪ್ಯೂಟರ್ ಬದುಕಿರುವವರೆಗೆ ಮಾತ್ರ ಆ ಮಾತು ಸರಿ. ಮಾಕ್ 3 ಪ್ಯಾರಲಲ್ ಪೋರ್ಟಿಗೆ ಬಳಸುವ ಡ್ರೈವರ್ 32 ಬಿಟ್ ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ, 64 ಬಿಟ್‌ನಲ್ಲಿ ನಡೆಯುವುದಿಲ್ಲ. ಆ ಯಂತ್ರ ಸುಟ್ಟರೆ ಮತ್ತೊಂದು ಹಳೆಯದನ್ನೇ ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಪ್ಯಾರಲಲ್ ಪೋರ್ಟೇ ಬೇಕೆಂದರೆ ಲಿನಕ್ಸ್‌ಸಿಎನ್‌ಸಿ ಹಾಕೋಣ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿಯಲ್ಲಿ 1990ರ ದಶಕದಲ್ಲಿ ಹುಟ್ಟಿ, 2011ರವರೆಗೆ ಇಎಂಸಿ2 ಎಂಬ ಹೆಸರಿನಲ್ಲಿದ್ದ ತಂತ್ರಾಂಶ ಅದು. ಅದಕ್ಕೆ ಹಣ ಕೊಡಬೇಕಾಗಿಲ್ಲ, 500 ಸಾಲುಗಳಿಗೆ ನಿಲ್ಲುವ ಮಾಕ್ 3 ಡೆಮೊದಂತಹ ಕಟ್ಟಳೆಯೂ ಇಲ್ಲ.

ಭಾವ: ಅಂದರೆ ಇಬ್ಬರೂ ಸೇರಿ ನನ್ನನ್ನು ಇಪ್ಪತ್ತು ವರ್ಷ ಹಿಂದಕ್ಕೆ ಕಳಿಸುತ್ತಿದ್ದೀರಿ ಎಂದಾಯಿತು.

ನಾನು: ಭಾವ, ಸ್ವಲ್ಪ ತಡೆಯಿರಿ. ಮೂವರೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೀರಿ ಎಂದು ನನಗೆ ತೋರುತ್ತದೆ. ಯಾವ ತಂತ್ರಾಂಶ, ಯಾವ ತಂತಿ ಎನ್ನುವುದಕ್ಕೆ ಮೊದಲು ಕೇಳಬೇಕಾದದ್ದು, ಮೋಟಾರಿಗೆ ಹೋಗುವ ಸ್ಟೆಪ್ ಪಲ್ಸುಗಳನ್ನು, ಅಂದರೆ ಅದನ್ನು ಒಂದೊಂದೇ ಹೆಜ್ಜೆ ತಿರುಗಿಸುವ ವಿದ್ಯುತ್ ಮಿಡಿತಗಳನ್ನು, ಹುಟ್ಟಿಸುವವರು ಯಾರು ಎಂಬುದು. ಮಾಕ್ 3 ಅಥವಾ ಲಿನಕ್ಸ್‌ಸಿಎನ್‌ಸಿಯನ್ನು ಪ್ಯಾರಲಲ್ ಪೋರ್ಟಿಗೆ ಜೋಡಿಸಿದರೆ ಪ್ರತಿ ಪಲ್ಸನ್ನೂ ಕಂಪ್ಯೂಟರೇ ಲೆಕ್ಕ ಹಾಕಿ, ಸರಿಯಾದ ಕ್ಷಣಕ್ಕೆ ಪೋರ್ಟಿನ ಪಿನ್ನಿನ ಮೇಲೆ ಇಡಬೇಕು, ಅಲ್ಲಿ ಕೆಲವು ಹತ್ತು ಮೈಕ್ರೊಸೆಕೆಂಡುಗಳ ತಡವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಈಗಿನ ಬೋರ್ಡಿನಲ್ಲಿರುವುದು 2009ರಲ್ಲಿ ಶುರುವಾದ ಜಿಆರ್‌ಬಿಎಲ್ ಎಂಬ ಫರ್ಮ್‌ವೇರ್. ಅಲ್ಲಿ ಪಲ್ಸ್ ಹುಟ್ಟಿಸುವುದು ಬೋರ್ಡ್, ಲ್ಯಾಪ್‌ಟಾಪ್ ಕೇವಲ ಚಲನೆಯ ಆಜ್ಞೆಗಳಾದ ಜಿ-ಕೋಡಿನ ಸಾಲುಗಳನ್ನು ಒಂದರ ಹಿಂದೊಂದು ಕಳಿಸುವ ಅಂಚೆಯವನು. ಅಂಚೆಯವನು ಅರೆಕ್ಷಣ ತಡವರಿಸಿದರೂ ಬೋರ್ಡಿನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ನೆನಪಿನಲ್ಲಿ, ಸಾಲುಗಳಿರುವವರೆಗೆ ಕಟರ್ ನಿಲ್ಲುವುದಿಲ್ಲ. ಹಾಗಾಗಿ ಚಿಕ್ಕಪ್ಪನ ಯಂತ್ರಕ್ಕೆ ತಂತಿಯೆಂದರೆ ಜೀವನಾಡಿ, ನಮ್ಮ ಯಂತ್ರಕ್ಕೆ ಅದು ಬರೀ ಟಪಾಲು ದಾರಿ.

ಅಕ್ಕ: ಒಪ್ಪುತ್ತೇನೆ, ಆದರೆ ಲಿನಕ್ಸ್‌ಸಿಎನ್‌ಸಿ ಎಂದರೆ ಬರೀ ಪ್ಯಾರಲಲ್ ಪೋರ್ಟ್ ಎಂದು ಮುಗಿಸಬೇಡ. ಮೆಸಾ ಕಾರ್ಡುಗಳನ್ನು ಎತರ್‌ನೆಟ್ ಮೂಲಕ ಜೋಡಿಸಿದರೆ ಪಲ್ಸ್ ಹುಟ್ಟಿಸುವ ಕೆಲಸವನ್ನು ಕಾರ್ಡಿನಲ್ಲಿರುವ ಎಫ್‌ಪಿಜಿಎ ಚಿಪ್ ಮಾಡುತ್ತದೆ, ಕಂಪ್ಯೂಟರ್ ಸಾಮಾನ್ಯವಾಗಿ ಮಿಲಿಸೆಕೆಂಡಿಗೊಮ್ಮೆ ಅದರೊಡನೆ ಮಾತನಾಡಿದರೆ ಸಾಕು.

ನಾನು: ಅದು ನಿಜ, ನಿನ್ನ ಆಯ್ಕೆಗಳಲ್ಲಿ ನನಗೆ ಹಿಡಿಸಿದ್ದೂ ಅದೇ. ಆದರೆ ಈ ಲ್ಯಾಪ್‌ಟಾಪಿನಲ್ಲಿ ನೀನೇ ತಡವನ್ನು ಅಳೆಯುವ ಲೇಟೆನ್ಸಿ ಪರೀಕ್ಷೆ ಓಡಿಸಿದಾಗ ಬಂದ ಸಂಖ್ಯೆಯನ್ನು ಇಲ್ಲಿ ಹೇಳಲೇ ಇಲ್ಲ.

ಅಕ್ಕ: 140 ಮೈಕ್ರೊಸೆಕೆಂಡ್ ಬಂತು. 20ರ ಒಳಗಿದ್ದರೆ ಉತ್ತಮ, 50ರವರೆಗೂ ನಡೆಯುತ್ತದೆ, 100 ದಾಟಿದರೆ ಕಂಪ್ಯೂಟರಿನಿಂದ ನೇರವಾಗಿ ಪಲ್ಸ್ ಕೊಡುವ ಆಸೆಯನ್ನು ಬಿಡಬೇಕು. ಅದಕ್ಕೇ ಹೇಳಲಿಲ್ಲ.

ಚಿಕ್ಕಪ್ಪ: ಸತ್ಯವನ್ನು ಬಚ್ಚಿಟ್ಟು ವಾದ ಮಾಡುವ ಚಾಳಿ ನಿಮ್ಮ ಅಪ್ಪನದು, ನಮ್ಮ ಕಡೆಯದಲ್ಲ.

ಭಾವ: ಸರಿ, ಬೋರ್ಡೇ ಪಲ್ಸ್ ಕೊಡಲಿ, ನನ್ನ ಸಲಹೆಯಲ್ಲೂ ಇಎಸ್‌ಪಿ32 ಬೋರ್ಡೇ ಅದನ್ನು ಕೊಡುವುದು. ಹಾಗಾದರೆ ಟಪಾಲು ದಾರಿ ವೈಫೈ ಆಗಿದ್ದರೆ ತಪ್ಪೇನು? ಯುಎಸ್‌ಬಿಯಲ್ಲಿ 115200 ಬಾಡ್‌ಗಿಂತ, ಅಂದರೆ ಸೆಕೆಂಡಿಗೆ ಅಷ್ಟು ಬಿಟ್‌ಗಳಿಗಿಂತ, ಹೆಚ್ಚು ವೇಗ ನಮಗೆ ಸಿಗುತ್ತಿಲ್ಲ, ವೈಫೈ ಅದಕ್ಕಿಂತ ನೂರಾರು ಪಟ್ಟು ವೇಗ.

ನಾನು: ವೇಗ ನಮ್ಮ ತೊಂದರೆಯಾಗಿದ್ದರೆ ಯಂತ್ರ ನಿಧಾನವಾಗಬೇಕಿತ್ತು, ನಿಲ್ಲಬೇಕಿರಲಿಲ್ಲ. ವೈಫೈಯಲ್ಲಿ ಸಾಲುಗಳನ್ನು ಒಂದೊಂದಾಗಿ ಕಳಿಸುವುದಾದರೆ, ಮನೆಯ ರೂಟರ್ ಎರಡು ಸೆಕೆಂಡು ಮಂಕಾದಾಗ ತಿರುಗುವ ಕಟರ್ ಮರದಲ್ಲಿ ಒಂದೇ ಕಡೆ ನಿಂತು ಸುಟ್ಟ ಗುರುತು ಬಿಡುತ್ತದೆ. ವೈಫೈ ಬೋರ್ಡಿನ ನಿಜವಾದ ಬಲ ಇರುವುದು ಬೇರೆ ಕಡೆ: ಕಡತವನ್ನು ಮೊದಲೇ ಬೋರ್ಡಿನ ಎಸ್‌ಡಿ ಕಾರ್ಡಿಗೆ ಏರಿಸಿ, ಅಲ್ಲಿಂದಲೇ ಓಡಿಸಿದರೆ ಕೆಲಸದ ನಡುವೆ ಯಾವ ಸಂಪರ್ಕವೂ ಬೇಕಾಗುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಈ ಮಾತು ಒಂದೇ ಒಂದು ಕಡೆಯೂ ಇಲ್ಲ, ನಕ್ಷತ್ರಗಳು ಮಾತ್ರ ಐದಿವೆ.

ತಂಗಿ: ಅಣ್ಣ, ನಿಲ್ಲುವುದೊಂದೇ ತೊಂದರೆಯಲ್ಲ. ನಾನು ಕೊರೆಯುತ್ತಿರುವ ಎಲೆಯ ಉಬ್ಬುಚಿತ್ರದಲ್ಲಿ ಯಂತ್ರ ನಡುಗುತ್ತಾ, ತಡೆದು ತಡೆದು ಸಾಗುತ್ತದೆ. ನೇರ ಗೆರೆಗಳಲ್ಲಿ ನಿಮಿಷಕ್ಕೆ 1500 ಮಿಲಿಮೀಟರ್ ಸಲೀಸಾಗಿ ಓಡುವ ಯಂತ್ರ, ಎಲೆಯ ನರಗಳ ಮೇಲೆ ಬಂದಾಗ 1000ದ ಆಸುಪಾಸಿಗೆ ಇಳಿಯುತ್ತದೆ. ಇದಕ್ಕೂ ಯುಎಸ್‌ಬಿಯೇ ಕಾರಣವೇ?

ನಾನು: ಕಡತದಲ್ಲಿ ಒಂದೊಂದು ಸಾಲೂ ಎಷ್ಟು ದೂರ ಸರಿಯುತ್ತದೆ ಎಂದು ನೋಡಿ ಹೇಳುತ್ತೀಯಾ?

ತಂಗಿ: ಹೆಚ್ಚಿನವು 0.05 ಮಿಲಿಮೀಟರ್. ನಯವಾಗಿ ಬರಲಿ ಎಂದು ನಾನೇ ಅಷ್ಟು ಸಣ್ಣದಾಗಿ ಇಟ್ಟೆ.

ನಾನು: ಹಾಗಿದ್ದರೆ ಲೆಕ್ಕ ಕೂಡುತ್ತದೆ. ನಿಮಿಷಕ್ಕೆ 1500 ಎಂದರೆ ಸೆಕೆಂಡಿಗೆ 25 ಮಿಲಿಮೀಟರ್, ಅಂದರೆ ಸೆಕೆಂಡಿಗೆ 500 ಸಾಲುಗಳು. 115200 ಬಾಡಿನಲ್ಲಿ, ಅಕ್ಷರಕ್ಕೆ ಹತ್ತು ಬಿಟ್‌ನಂತೆ, ಸೆಕೆಂಡಿಗೆ 11520 ಅಕ್ಷರಗಳು ಹೋಗುತ್ತವೆ, ಒಂದು ಸಾಲಿಗೆ 21 ಅಕ್ಷರವಾದರೆ ಸುಮಾರು 550 ಸಾಲುಗಳು. ತಂತಿ ಅಂಚಿಗೆ ಬಂದಿದೆ, ಆದರೂ ಸಾಲುತ್ತದೆ. ಸಾಲದಿರುವುದು ಬೋರ್ಡಿನ ಮುಂದಾಲೋಚನೆ. 2 ಕಿಲೋಬೈಟ್ ರ‍್ಯಾಮ್ ಇರುವ ಆ ಚಿಪ್ಪಿನಲ್ಲಿ ಜಿಆರ್‌ಬಿಎಲ್ ಒಮ್ಮೆಗೆ ಸುಮಾರು 16 ಚಲನೆಗಳನ್ನು ಮಾತ್ರ ಮುಂದಕ್ಕೆ ನೋಡುತ್ತದೆ. ಹದಿನೇಳನೆಯದು ಬಾರದೇ ಹೋದರೂ ಹದಿನಾರರ ಕೊನೆಗೆ ನಿಲ್ಲಲು ಆಗಬೇಕು ಎಂಬುದು ಅದರ ಎಚ್ಚರ. ನಿನ್ನ ಕಡತದಲ್ಲಿ ಹದಿನಾರು ಚಲನೆ ಎಂದರೆ 0.8 ಮಿಲಿಮೀಟರ್. ನಮ್ಮ ವೇಗೋತ್ಕರ್ಷವನ್ನು, ಅಂದರೆ ಪ್ರತಿ ಸೆಕೆಂಡಿಗೆ ವೇಗ ಏರಿಳಿಯುವ ಮಿತಿಯನ್ನು, ಸೆಕೆಂಡಿಗೆ 200 ಮಿಲಿಮೀಟರಿಗೆ ಇಟ್ಟಿದ್ದೇವೆ. ಅಷ್ಟು ದೂರದಲ್ಲಿ ನಿಲ್ಲಬೇಕೆಂದರೆ ಸೆಕೆಂಡಿಗೆ 18 ಮಿಲಿಮೀಟರಿಗಿಂತ ಹೆಚ್ಚು ವೇಗ ಹಿಡಿಯುವಂತಿಲ್ಲ, ಅಂದರೆ ನಿಮಿಷಕ್ಕೆ 1070ರ ಸುಮಾರು. ನೀನು ಕಂಡ 1000 ಅದೇ ಇರಬೇಕು.

ತಂಗಿ: ಹಾಗಾದರೆ ನಯವಾಗಲೆಂದು ನಾನು ಮಾಡಿದ್ದೇ ನಡುಕಕ್ಕೆ ಕಾರಣವಾಯಿತು.

ನಾನು: ಸಾಲೊಂದಕ್ಕೆ 0.2 ಮಿಲಿಮೀಟರ್ ಬರುವಂತೆ ಚಿತ್ರವನ್ನು ಜಿ-ಕೋಡಾಗಿಸುವ ಕ್ಯಾಮ್ ತಂತ್ರಾಂಶದ ಟಾಲರೆನ್ಸನ್ನು, ಅಂದರೆ ಅದು ಬಿಡುವ ವ್ಯತ್ಯಾಸದ ಮಿತಿಯನ್ನು, ಸಡಿಲಿಸಿ ನೋಡು. ಆಗ ಮುಂದಾಲೋಚನೆಯ ದೂರ 3.2 ಮಿಲಿಮೀಟರ್ ಆಗುತ್ತದೆ, ವೇಗ ನಿಮಿಷಕ್ಕೆ 2100ರವರೆಗೆ ಏರಬಹುದು. 3 ಮಿಲಿಮೀಟರ್ ಕಟರಿನಿಂದ ಮರ ಕೊರೆಯುವಾಗ 0.05ಕ್ಕೂ 0.2ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದು ಅನುಮಾನ.

ಭಾವ: ಅಂದರೆ ದೊಡ್ಡ ಬಫರ್ ಇರುವ 32 ಬಿಟ್ ಬೋರ್ಡ್ ಬಂದರೆ ಈ ತೊಂದರೆಯೇ ಇರುವುದಿಲ್ಲ ಎಂದು ನೀನೇ ಒಪ್ಪಿದಂತಾಯಿತು.

ನಾನು: ಒಪ್ಪುತ್ತೇನೆ ಭಾವ. ನೀವು ಹೇಳಿದ ಬೋರ್ಡ್ ಒಳ್ಳೆಯದೇ, ನೀವು ಕೊಟ್ಟ ಕಾರಣ ಮಾತ್ರ ಸರಿಯಿಲ್ಲ. ಫ್ಲೂಯಿಡ್‌ಎನ್‌ಸಿ ಆಗಲಿ, ಅಂಥದೇ ಫರ್ಮ್‌ವೇರ್ ಆದ ಜಿಆರ್‌ಬಿಎಲ್‌ಹ್ಯಾಲ್ ಆಗಲಿ, ಇವತ್ತು ಹೊಸದಾಗಿ ಯಂತ್ರ ಕಟ್ಟುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸಂಪರ್ಕ ಕಡಿಯುವುದರ ಮೂಲ ತಿಳಿಯದೆ ಬೋರ್ಡ್ ಬದಲಿಸಿದರೆ ಅದೇ ರೋಗ ಹೊಸ ಬೋರ್ಡಿಗೂ ತಗುಲುತ್ತದೆ.

ಚಿಕ್ಕಪ್ಪ: ಈಗ ಸರಿಯಾದ ಜಾಗಕ್ಕೆ ಬಂದೆ. ಕಡಿದ ಮೇಲೆ ಮತ್ತೆ ಸಂಪರ್ಕಿಸಿದರೆ ಅದು ತಾನು ಎಲ್ಲಿದ್ದೆನೆಂಬುದನ್ನೇ ಮರೆಯುತ್ತದಲ್ಲ, ಅದೇಕೆ?

ನಾನು: ಕಂಪ್ಯೂಟರ್ ಪೋರ್ಟನ್ನು ತೆರೆದ ತಕ್ಷಣ ಆರ್ಡುಯಿನೊ ತನ್ನಷ್ಟಕ್ಕೆ ರೀಸೆಟ್ ಆಗುತ್ತದೆ, ಪ್ರೋಗ್ರಾಂ ಹಾಕಲು ಅನುಕೂಲವಾಗಲೆಂದು ಹಾಗೆ ಮಾಡಿದ್ದಾರೆ. ಕೆಲಸದ ಸೊನ್ನೆ, ಅಂದರೆ ಅಳತೆ ಶುರುವಾಗುವ ಬಿಂದು, ಬೋರ್ಡಿನ ಜಿ54 ಎಂಬ ಶಾಶ್ವತ ನೆನಪಿನಲ್ಲಿ ಉಳಿದಿರುತ್ತದೆ, ಆದರೆ ಯಂತ್ರದ ಸ್ಥಾನ ಅಳಿಸಿಹೋಗುತ್ತದೆ. ಹೋಮಿಂಗ್ ಸ್ವಿಚ್ಚುಗಳಿದ್ದರೆ ಮೂಲೆಗೆ ಹೋಗಿ ಮುಟ್ಟಿ ಬಂದು, ನಿಂತ ಸಾಲಿನಿಂದ ಮುಂದುವರಿಯಬಹುದು. ಮೂರು ಸ್ವಿಚ್ಚುಗಳನ್ನು ಹಾಕಿಸಬೇಕೆಂದು ನಾನು ಮೊದಲ ದಿನದಿಂದ ಹೇಳುತ್ತಿದ್ದೇನೆ, ಅದಿರಲಿ.

ಅಕ್ಕ: ಹಾಗಾದರೆ ಪರೀಕ್ಷೆ ಮಾಡೋಣ. ನಾನು ಈಗ ಶೆಡ್ಡಿನಲ್ಲೇ ಇದ್ದೇನೆ. 38 ನಿಮಿಷದ ಒಂದೇ ಕಡತವನ್ನು ಗಾಳಿಯಲ್ಲಿ, ಮರ ಮುಟ್ಟದಂತೆ, ಮೂರು ಬಾರಿ ಓಡಿಸುತ್ತೇನೆ: ಒಮ್ಮೆ ಎಲ್ಲವನ್ನೂ ಆರಿಸಿ, ಒಮ್ಮೆ ಕಟರನ್ನು ತಿರುಗಿಸುವ ಸ್ಪಿಂಡಲ್ ಮಾತ್ರ ಹಾಕಿ, ಒಮ್ಮೆ ದೂಳು ಎಳೆಯುವ ವ್ಯಾಕ್ಯೂಮ್ ಮಾತ್ರ ಹಾಕಿ.

ಚಿಕ್ಕಪ್ಪ: ಗಾಳಿಯಲ್ಲಾದರೂ ಎಮರ್ಜೆನ್ಸಿ ಬಟನ್ನಿನ ಹತ್ತಿರವೇ ನಿಂತುಕೋ. ತಂತಿಯಾಗಲಿ ವೈಫೈಯಾಗಲಿ, ತೆರೆಯ ಮೇಲಿನ ನಿಲ್ಲಿಸು ಗುಂಡಿಯ ಆಜ್ಞೆ ಬೋರ್ಡಿಗೆ ತಲುಪಿದರೆ ಮಾತ್ರ ಕೆಲಸ ಮಾಡುತ್ತದೆ. ಮೋಟಾರಿಗೂ ಸ್ಪಿಂಡಲ್ಲಿಗೂ ಹೋಗುವ ಕರೆಂಟನ್ನೇ ಕಡಿಯುವ ಕೆಂಪು ಗುಂಡಿಗೆ ಯಾರ ಅನುಮತಿಯೂ ಬೇಕಿಲ್ಲ. ಈ ವಿಷಯದಲ್ಲಿ ಚರ್ಚೆ ಬೇಡ.

ಭಾವ: ಮಾವ, ಆ ಮಾತಿಗೆ ನಾನೂ ಐದು ನಕ್ಷತ್ರ ಕೊಡುತ್ತೇನೆ.

ಅಕ್ಕ: ಫಲಿತಾಂಶ ಇಲ್ಲಿದೆ. ಎಲ್ಲವನ್ನೂ ಆರಿಸಿದಾಗ ಪೂರ್ತಿ ಓಡಿತು. ಸ್ಪಿಂಡಲ್ ಮಾತ್ರ ಹಾಕಿದಾಗಲೂ ಪೂರ್ತಿ ಓಡಿತು. ವ್ಯಾಕ್ಯೂಮ್ ಮಾತ್ರ ಹಾಕಿ, ನೆಲದ ಮೇಲಿನ ಹೊಟ್ಟನ್ನು ಎಳೆಯಲು ಬಿಟ್ಟಾಗ ಆರನೇ ನಿಮಿಷಕ್ಕೆ ಪೋರ್ಟ್ ಮಾಯವಾಯಿತು. ಮತ್ತೆ ಮಾಡಿದೆ, ಒಂಬತ್ತನೇ ನಿಮಿಷಕ್ಕೆ ಮಾಯವಾಯಿತು.

ಚಿಕ್ಕಪ್ಪ: ಒಣ ಹೊಟ್ಟು ಪ್ಲಾಸ್ಟಿಕ್ ಕೊಳವೆಯೊಳಗೆ ಉಜ್ಜಿಕೊಂಡು ಹೋಗುತ್ತದೆ, ಸ್ಥಾಯಿ ವಿದ್ಯುತ್ ಕೂಡಿಕೊಳ್ಳುತ್ತದೆ. ಆ ಕೊಳವೆಯನ್ನು ಮುಟ್ಟಿ ನನಗೇ ಎರಡು ಸಲ ಚುರ್ರೆಂದಿದೆ.

ನಾನು: ಅಕ್ಕ, ಯುಎಸ್‌ಬಿ ಕೇಬಲ್ ಆ ಕೊಳವೆಯಿಂದ ಎಷ್ಟು ದೂರದಲ್ಲಿದೆ?

ಅಕ್ಕ: ದೂರವೇ ಇಲ್ಲ. ಕೊಳವೆಗೆ ಉದ್ದಕ್ಕೂ ಅಂಟಿಕೊಂಡು ಬಂದಿದೆ, ಗೇಣಿಗೊಂದರಂತೆ ಹನ್ನೊಂದು ಕೇಬಲ್ ಟೈಗಳಿಂದ ಬಿಗಿದಿದ್ದಾರೆ. ಚಿತ್ರ ಹಾಕಿದ್ದೇನೆ, ನೋಡಿ. ಬಿಗಿದದ್ದು ತುಂಬಾ ಅಚ್ಚುಕಟ್ಟಾಗಿದೆ.

ಭಾವ: ತಂತಿಗಳು ನೇತಾಡುವುದನ್ನು ನೋಡಲಾರದೆ ಕಟ್ಟಿದವನು ನಾನೇ. ಹೋದ ತಿಂಗಳು.

ಚಿಕ್ಕಪ್ಪ: ಅಳಿಯಂದಿರೇ, ಯಂತ್ರ ನಾಲ್ಕು ಬಾರಿ ನಿಂತದ್ದೂ ಹೋದ ತಿಂಗಳಿಂದಲೇ.

ನಾನು: ಟೈಗಳನ್ನು ಕತ್ತರಿಸಿ ಕೇಬಲನ್ನು ಎದುರು ಬದಿಯಿಂದ ತರೋಣ. ಎರಡು ಮೀಟರಿನೊಳಗಿನ, ಶೀಲ್ಡ್ ಇರುವ ಕೇಬಲ್ ಹಾಕಿ ಎರಡೂ ತುದಿಗೆ ವಿದ್ಯುತ್ ಗದ್ದಲ ತಡೆಯುವ ಫೆರೈಟ್ ಮಣಿ ಏರಿಸೋಣ. ಕೊಳವೆಯೊಳಗೆ ಬರಿಯ ತಾಮ್ರದ ತಂತಿಯೊಂದನ್ನು ಓಡಿಸಿ ಅರ್ಥಿಂಗಿಗೆ ಕಟ್ಟೋಣ. ಆಮೇಲೂ ಕಡಿದರೆ ಎರಡು ಕಡೆಯ ವಿದ್ಯುತ್ತನ್ನು ಬೇರ್ಪಡಿಸುವ ಯುಎಸ್‌ಬಿ ಐಸೊಲೇಟರ್ ನೋಡೋಣ. ಎತರ್‌ನೆಟ್‌ನ ಎರಡೂ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಇಂಥ ಗದ್ದಲಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ, ಮುಂದೆ ಬೋರ್ಡ್ ಕೊಳ್ಳುವಾಗ ಆ ಸಾಕೆಟ್ ಇರುವುದನ್ನೇ ಹುಡುಕೋಣ.

ಭಾವ: ವೈಫೈಯೂ ಇರಲಿ. ನಾನು ಇನ್ನೂ ಸೋತಿಲ್ಲ.

ತಂಗಿ: ಅಕ್ಕ ಟೈಗಳನ್ನು ಕತ್ತರಿಸಿ, ಕೇಬಲನ್ನು ಕಿಟಕಿಯ ಕಡೆಯಿಂದ ತಂದು ಕೊಟ್ಟಳು. ಸ್ಪಿಂಡಲ್, ವ್ಯಾಕ್ಯೂಮ್ ಎರಡನ್ನೂ ಹಾಕಿ 0.2ರ ಹೊಸ ಕಡತವನ್ನು ಈಗಷ್ಟೇ ಮುಗಿಸಿದೆ, ಒಮ್ಮೆಯೂ ಕಡಿಯಲಿಲ್ಲ. ಎಲೆಯ ನರಗಳು ನಯವಾಗಿ ಬಂದಿವೆ. ತೊಟ್ಟಿನ ಹತ್ತಿರ ಒಂದು ಕಡೆ ಮಾತ್ರ ಇನ್ನೂ ಸ್ವಲ್ಪ ತಡೆಯುತ್ತದೆ, ಆ ಭಾಗದ ಸಾಲುಗಳನ್ನು ಕಳಿಸುತ್ತೇನೆ, ಅಣ್ಣ ನೋಡಿ ಹೇಳಲಿ.