ವ್ಯಾಕ್ಯೂಮ್ ಪಂಪ್‌ನಿಂದ ಬ್ರೇಕಿನ ಗಾಳಿ ತೆಗೆಯುವಾಗ ಗುಳ್ಳೆಗಳು ನಿಲ್ಲುತ್ತಿಲ್ಲ

ಪ್ರಶ್ನೆ (ಗದಗದಿಂದ)

ಮಾನ್ಯರೇ, ನನ್ನದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಎಬಿಎಸ್ ಇಲ್ಲದ ಹಳೆಯ ಕಾರು. ಹಿಂದಿನ ಎಡಗಾಲಿಯ ವೀಲ್ ಸಿಲಿಂಡರ್ (ಆಯಿಲಿನ ಒತ್ತಡದಿಂದ ಡ್ರಮ್ ಬ್ರೇಕ್ ಹಿಡಿಸುವ ಭಾಗ) ಸೋರುತ್ತಿದ್ದುದರಿಂದ ಹೊಸದನ್ನು ಹಾಕಿದ್ದೇನೆ. ಪೆಡಲ್ ಒತ್ತಿಕೊಡಲು ಜೊತೆಗೆ ಯಾರೂ ಇಲ್ಲದ ಕಾರಣ ಕೈಪಂಪಿನಿಂದ ಗಾಳಿ ತೆಗೆಯುತ್ತಿದ್ದೇನೆ. ಆಯಿಲ್ ಚೆನ್ನಾಗಿಯೇ ಬರುತ್ತಿದೆ, ಆದರೆ ಅದರೊಂದಿಗೆ ಸಣ್ಣ ಗುಳ್ಳೆಗಳೂ ಒಂದೇ ಸಮನೆ ಬರುತ್ತಿವೆ. ಪೆಡಲ್ ಮೊದಲ ಒತ್ತಿಗೆ ಬಹಳ ಕೆಳಗೆ ಹೋಗಿ, ಬೆನ್ನಿಗೇ ಮತ್ತೊಮ್ಮೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಒಳಗೆ ಇನ್ನೂ ಗಾಳಿ ಉಳಿದಿದೆಯೇ?

ಉತ್ತರ 1 (ಹುಬ್ಬಳ್ಳಿ, ಗೋಕುಲ ರಸ್ತೆಯ ಗ್ಯಾರೇಜಿನಿಂದ)

ಸರ್, ಒಂದೇ ಗಾತ್ರದಲ್ಲಿ, ಎಷ್ಟು ಎಳೆದರೂ ಕಡಿಮೆಯಾಗದೆ ಬರುವ ಸಣ್ಣ ಗುಳ್ಳೆಗಳು ಸಾಮಾನ್ಯವಾಗಿ ಲೈನಿನೊಳಗಿನವಲ್ಲ. ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡಲು ಸಡಿಲಿಸುವ ಸ್ಕ್ರೂ) ಬಿಗಿಯಾಗಿ ಮುಚ್ಚುವುದು ಅದರ ತುದಿಯಲ್ಲಿ ಮಾತ್ರ; ಥ್ರೆಡ್ಡುಗಳು ಗಾಳಿಯನ್ನು ತಡೆಯುವುದಿಲ್ಲ. ಪೆಡಲ್ ಒತ್ತಿ ತೆಗೆಯುವಾಗ ಆಯಿಲ್ ಹೊರಕ್ಕೆ ತಳ್ಳುವುದರಿಂದ ಇದು ಕಾಣಿಸುವುದಿಲ್ಲ, ಆದರೆ ಪಂಪು ಎಳೆಯುವಾಗ ಹೊರಗಿನ ಗಾಳಿ ಥ್ರೆಡ್ಡಿನ ಸಂದಿನಿಂದ ನುಗ್ಗಿ ನೇರವಾಗಿ ನಿಮ್ಮ ಪೈಪಿಗೆ ಬರುತ್ತದೆ. ನಿಪ್ಪಲ್ ಬಿಚ್ಚಿ, ಒರೆಸಿ, ಥ್ರೆಡ್ಡಿಗೆ ಮಾತ್ರ ಟೆಫ್ಲಾನ್ ಟೇಪ್ ಸುತ್ತಿರಿ. ತುದಿಗಾಗಲಿ, ಪಕ್ಕದ ರಂಧ್ರಕ್ಕಾಗಲಿ ಟೇಪ್ ತಾಗಬಾರದು. ಸಾಮಾನ್ಯ ಗ್ರೀಸನ್ನು ಮಾತ್ರ ಬಳಸಬೇಡಿ, ಅದು ಬ್ರೇಕಿನ ರಬ್ಬರನ್ನು ಉಬ್ಬಿಸುತ್ತದೆ. ಕಾಲು ಸುತ್ತಿಗಿಂತ ಹೆಚ್ಚು ಸಡಿಲಿಸದೆ, ಪಂಪಿನ ಮುಳ್ಳು ಸೊನ್ನೆಗೆ ಇಳಿಯುವ ಮೊದಲೇ ನಿಪ್ಪಲ್ ಬಿಗಿಮಾಡಿ. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾದರೆ ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಉತ್ತರ 2 (ಹಾವೇರಿಯಿಂದ)

ಗುಳ್ಳೆಯ ಕಾರಣ ಮೇಲಿನವರು ಹೇಳಿದ್ದೇ ಸರಿ, ಆದರೆ ನೀವು ಹೇಳುವ ಪೆಡಲಿನ ಲಕ್ಷಣ ನನಗೆ ಬೇರೆಯದನ್ನು ಸೂಚಿಸುತ್ತದೆ. ಗಾಳಿ ಇದ್ದರೆ ಪೆಡಲ್ ಎರಡನೆಯ ಒತ್ತಿಗೆ ಮೇಲೆ ಬಂದರೂ ಕಾಲಿನಡಿ ಮೆತ್ತಗೆಯೇ ಇರುತ್ತದೆ. ಮೊದಲು ಆಳಕ್ಕೆ ಹೋಗಿ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ ಎಂದರೆ ಬ್ರೇಕ್ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ ಭಾಗ) ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿರುವ ಸಾಧ್ಯತೆಯೇ ಹೆಚ್ಚು. ಡ್ರಮ್ ಬಿಚ್ಚಿ ಸಿಲಿಂಡರ್ ಬದಲಿಸಿದಾಗ ಆ ಅಂತರವನ್ನು ಹೊಂದಿಸುವ ಅಡ್ಜಸ್ಟರ್ ಹಿಂದಕ್ಕೆ ಸರಿದಿರಬಹುದು. ಮೊದಲು ಅದನ್ನು ಹೊಂದಿಸಿ, ಗಾಲಿ ತುಸುವೇ ತಾಗುತ್ತಾ ತಿರುಗುವಂತೆ ಮಾಡಿ, ಆಮೇಲೆ ಪೆಡಲ್ ನೋಡಿ.

ಇನ್ನೊಂದು ಮಾತು. ವೀಲ್ ಸಿಲಿಂಡರಿನ ಕಪ್‌ಗಳನ್ನು (ರಬ್ಬರ್ ಸೀಲುಗಳನ್ನು) ಒಳಗಿನ ಒತ್ತಡ ತಡೆಯಲೆಂದೇ ಮಾಡಿರುತ್ತಾರೆ. ಜೋರಾಗಿ ಎಳೆದರೆ ಅವುಗಳ ಅಂಚಿನಿಂದಲೂ ಗಾಳಿ ಒಳಗೆ ಬರಬಹುದು. ಆದ್ದರಿಂದ ಡ್ರಮ್ ಬ್ರೇಕಿನಲ್ಲಿ ಪಂಪಿನ ಕೆಲಸ ಮುಗಿದ ಮೇಲೆ, ನೆರೆಮನೆಯವರನ್ನಾದರೂ ಕರೆದು, ಕೊನೆಯ ಕೆಲವು ಸುತ್ತುಗಳನ್ನು ಪೆಡಲಿನಿಂದಲೇ ಮುಗಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹಳೆಯ ಕಾರಿನಲ್ಲಿ ಪೆಡಲನ್ನು ತಳಕ್ಕೆ ಒತ್ತಬೇಡಿ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಮುಟ್ಟದ, ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯಬಹುದು. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಾಟಲಿಯಲ್ಲಿ ಸಂಗ್ರಹವಾದ ಆಯಿಲ್ ನೋಡಲು ಶುದ್ಧವಾಗಿಯೇ ಇದೆ. ಅದನ್ನು ಸೋಸಿ ಮತ್ತೆ ಹಾಕಬಹುದೇ?

ಉತ್ತರ 3 (ಧಾರವಾಡದಿಂದ)

ದಯವಿಟ್ಟು ಹಾಕಬೇಡಿ. ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಸೋಸಿದರೆ ನೀರು ಹೋಗುವುದಿಲ್ಲ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಸ್ಥಿತಿಗೆ ಆ ಮಿತಿ 155 ಮಾತ್ರ. ನಮ್ಮ ಬಯಲಿನ ರಸ್ತೆಗಳಲ್ಲಿ ಇದು ಗೊತ್ತಾಗದಿರಬಹುದು, ಆದರೆ ಅಂಕೋಲಾಕ್ಕೆ ಹೊರಟು ಅರಬೈಲು ಘಟ್ಟ ಇಳಿಯುವಾಗ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ಕುಸಿಯುತ್ತದೆ. ಕಾರಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ, ಸೀಲ್ ಒಡೆಯದ ಡಬ್ಬಿಯಿಂದ ಹಾಕಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.